ಹೊಳೆಯ ಹೂಳಿನಲ್ಲಿ ರಂಜಕ: ಆಗುಂಬೆಯ ಮಳೆಯಿಂದ ಬಳ್ಳಾರಿಯ ಬಿಸಿಲಿನವರೆಗೆ

ತೀರ್ಥಹಳ್ಳಿಯ ಹತ್ತಿರ ತುಂಗೆಯ ಮಡುವಿನಿಂದ ಒಂದು ಬೊಗಸೆ ಕೆಸರು, ಹೊಸಪೇಟೆಯ ಅಣೆಕಟ್ಟಿನ ಹಿನ್ನೀರಿನಿಂದ ಇನ್ನೊಂದು ಬೊಗಸೆ ತಂದು, ಎರಡನ್ನೂ ಆಮ್ಲದಲ್ಲಿ ಕುದಿಸಿ, ಪಾಚಿಗೂ ಬೆಳೆಗೂ ಬೇಕಾದ ರಂಜಕ (ಫಾಸ್ಫರಸ್) ಒಟ್ಟು ಎಷ್ಟಿದೆ ಎಂದು ಅಳೆದೆವು ಎನ್ನಿ. ಎರಡರಲ್ಲೂ ಕಿಲೋಗೆ 600 ಮಿ.ಗ್ರಾಂ. ಬಂದರೆ ಆಶ್ಚರ್ಯಪಡಬೇಕಿಲ್ಲ. ಭೂಮಿಯ ಮೇಲ್ಪದರದ ಬಂಡೆಗಳಲ್ಲಿ ಸರಾಸರಿ ಇರುವುದೇ ಹೆಚ್ಚುಕಡಿಮೆ ಅಷ್ಟು. ಆದರೆ ಆ ಎರಡು ಬೊಗಸೆ ಕೆಸರನ್ನು ಎರಡು ಗಾಜಿನ ಜಾಡಿಗಳಲ್ಲಿ ನೀರು ತುಂಬಿ ಬಿಸಿಲಿಗಿಟ್ಟರೆ ಒಂದು ತಿಳಿಯಾಗಿಯೇ ಉಳಿದು ಇನ್ನೊಂದು ವಾರದೊಳಗೆ ಪಾಚಿಗಟ್ಟಬಹುದು. ಒಟ್ಟು ಎಷ್ಟಿದೆ ಎಂಬ ಅಂಕಿಯಿಂದ ಇದು ಅರ್ಥವಾಗುವುದಿಲ್ಲ. ರಂಜಕವನ್ನು ಹಿಡಿದುಕೊಂಡಿರುವುದು ಯಾವುದು, ಯಾವ ಪರಿಸ್ಥಿತಿಯಲ್ಲಿ ಅದು ಹಿಡಿತ ಬಿಡುತ್ತದೆ ಎಂದು ಕೇಳಬೇಕು. ಆ ಹಿಡಿತ ಯಾವುದೆಂದು ಮೊದಲು ನಿರ್ಧರಿಸುವುದು ಹವಾಮಾನ. ಹೊಳೆ ಒಂದು ಹವಾಮಾನದಿಂದ ಇನ್ನೊಂದಕ್ಕೆ ಹರಿದಂತೆ ಹಿಡಿತವೂ ಕೈ ಬದಲಾಯಿಸುತ್ತದೆ.

ಇದನ್ನು ತಿಳಿಯಲು ತುಂಗಭದ್ರೆಯಷ್ಟು ಅನುಕೂಲದ ನದಿ ಸಿಗುವುದು ಕಷ್ಟ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಮಲೆನಾಡಿನ ಜಡಿಮಳೆಯಲ್ಲಿ ಇಳಿಯುತ್ತವೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಕಡೆಯ ಮಳೆನೀರು ಮಾಲತಿ ಹೊಳೆಯಾಗಿ ತುಂಗೆಯನ್ನು ಸೇರುತ್ತದೆ. ಶಿವಮೊಗ್ಗದ ಕೆಳಗೆ ಕೂಡಲಿಯಲ್ಲಿ ಎರಡೂ ಒಂದಾಗಿ, 531 ಕಿ.ಮೀ. ಹರಿದು ಕೃಷ್ಣೆಯನ್ನು ಸೇರುವ ಹೊತ್ತಿಗೆ ನದಿ ವರ್ಷಕ್ಕೆ 500–600 ಮಿ.ಮೀ. ಮಳೆಯ ಒಣನಾಡನ್ನು ದಾಟಿರುತ್ತದೆ. ಪ್ರಪಂಚದಲ್ಲಿ ಬೇರೆ ಬೇರೆ ಖಂಡಗಳಿಗೆ ಹೋಗಿ ನೋಡಬೇಕಾದ ಎರಡು ಹವಾಮಾನಗಳು ಇಲ್ಲಿ ಒಂದೇ ನೀರಿನ ದಾರಿಯಲ್ಲಿವೆ.

ಹಿಡಿದುಕೊಳ್ಳುವವರು ಯಾರು

ಹೂಳಿನ ರಂಜಕವನ್ನು ನಾಲ್ಕು ಪಾಲಾಗಿ ನೋಡುವುದು ವಾಡಿಕೆ. ಮೊದಲನೆಯದು ಬಂಡೆಯಿಂದ ಬಂದ ಮೂಲ ಖನಿಜ ಅಪಟೈಟ್. ಇದು ಕ್ಯಾಲ್ಸಿಯಂ ಫಾಸ್ಫೇಟ್ (ಫಾಸ್ಫೇಟ್ ಎಂದರೆ ಆಮ್ಲಜನಕದೊಡನೆ ಸೇರಿದ ರಂಜಕ), ತೂಕದಲ್ಲಿ ಸುಮಾರು ಶೇ. 18 ರಂಜಕ. ಆಮ್ಲ ತಗುಲಿದರೆ ಕರಗುತ್ತದೆ, ಕ್ಷಾರದಲ್ಲಿ ಅಲ್ಲಾಡುವುದಿಲ್ಲ. ಎರಡನೆಯದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಮೈಗೆ ಅಂಟಿಕೊಂಡದ್ದು. ಮೂರನೆಯದು ಎಲೆ, ಬೇರು, ಸಗಣಿ, ಸೂಕ್ಷ್ಮಜೀವಿಗಳಲ್ಲಿರುವ ಸಾವಯವ ರಂಜಕ. ನಾಲ್ಕನೆಯದು ಅದೇ ಕಬ್ಬಿಣದ ಆಕ್ಸೈಡು ಹರಳುಗಟ್ಟುವಾಗ ಒಳಗೆ ಸಿಕ್ಕಿಕೊಂಡ ರಂಜಕ. ಇದು ಗಿರವಿ ಅಂಗಡಿಯಲ್ಲಿಟ್ಟ ಒಡವೆಯ ಹಾಗೆ: ಲೆಕ್ಕದಲ್ಲಿ ಇದೆ, ಹಬ್ಬಕ್ಕೆ ಹಾಕಿಕೊಳ್ಳಲು ಸಿಗುವುದಿಲ್ಲ.

ನ್ಯೂಜಿಲೆಂಡಿನ ಮಣ್ಣುವಿಜ್ಞಾನಿಗಳಾದ ಟಿ. ಡಬ್ಲ್ಯು. ವಾಕರ್ ಮತ್ತು ಜೆ. ಕೆ. ಸೈಯರ್ಸ್ 1976ರಲ್ಲಿ ಈ ಪಾಲುಗಳು ಕಾಲ ಕಳೆದಂತೆ ಹೇಗೆ ಬದಲಾಗುತ್ತವೆ ಎಂದು ತೋರಿಸಿದರು. ಹೊಸ ಮಣ್ಣಿನಲ್ಲಿ ಬಹುಪಾಲು ಅಪಟೈಟ್. ಮಳೆನೀರು ಮತ್ತು ಬೇರಿನ ಆಮ್ಲ ಅದನ್ನು ಕರಗಿಸುತ್ತವೆ. ಬಿಡುಗಡೆಯಾದದ್ದರಲ್ಲಿ ಒಂದಿಷ್ಟು ಗಿಡಮರಗಳಿಗೆ, ಒಂದಿಷ್ಟು ಕಬ್ಬಿಣಕ್ಕೆ, ಉಳಿದದ್ದು ಹೊಳೆಗೆ. ಕೊನೆಗೆ ಒಟ್ಟು ಪ್ರಮಾಣವೇ ಕುಗ್ಗಿ, ಉಳಿದದ್ದು ಕಬ್ಬಿಣದೊಳಗೆ ಹೂತುಹೋಗುತ್ತದೆ. ಅವರು ನೋಡಿದ, ಬೇರೆ ಬೇರೆ ವಯಸ್ಸಿನ ಮಣ್ಣಿನ ಸಾಲುಗಳಲ್ಲಿ ಒಂದು, ಫ್ರಾನ್ಜ್ ಜೋಸೆಫ್ ಹಿಮನದಿ ಹಿಂದೆ ಸರಿದಂತೆ ಬಿಟ್ಟುಹೋದ ನೆಲ. ಅಲ್ಲಿ ಮಳೆ ವಿಪರೀತ, ಹಾಗಾಗಿ ಈ ಬದಲಾವಣೆ ಬೇಗ ನಡೆಯುತ್ತದೆ. ಹವಾಯಿಯ ದ್ವೀಪಗಳಲ್ಲಿ 300 ವರ್ಷದ ಲಾವಾದಿಂದ 41 ಲಕ್ಷ ವರ್ಷ ಹಳೆಯ ಕೌವಾಯಿ ದ್ವೀಪದ ಮಣ್ಣಿನವರೆಗೆ ಇದೇ ಕಥೆ. ಬಂಡೆಯ ರಂಜಕ ಮುಗಿದ ಆ ಹಳೆಯ ಮಣ್ಣಿಗೆ ಈಗ ಏಷ್ಯಾದಿಂದ ಗಾಳಿಯಲ್ಲಿ ಬರುವ ಧೂಳೇ ಆಧಾರ.

ಹೊಳೆಯ ಹೂಳೆಂದರೆ ಈ ಮಣ್ಣೇ, ಜಾಗ ಬದಲಾಯಿಸಿದ್ದು ಅಷ್ಟೆ. ಬಿಸಿ, ಮಳೆ ಹೆಚ್ಚಿದ್ದಲ್ಲಿ ಕಾಲ ಓಡುತ್ತದೆ. ಚಳಿಯಲ್ಲಿ, ಒಣನೆಲದಲ್ಲಿ ತೆವಳುತ್ತದೆ. ಹಿಮನದಿಯ ಕೆಳಗಿನ ತೊರೆಗಳಲ್ಲಿ ಬಂಡೆ ಅರೆದು ಹಿಟ್ಟಾಗಿದ್ದರೂ ರಾಸಾಯನಿಕವಾಗಿ ಹೆಚ್ಚೇನೂ ಆಗಿರುವುದಿಲ್ಲ. ಹೂಳಿನ ರಂಜಕ ಬಹುಪಾಲು ಹೊಸ ಅಪಟೈಟ್ ಆಗಿಯೇ ಇರುತ್ತದೆ.

ಮಲೆನಾಡು: ಕಬ್ಬಿಣದ ಬಿಗಿ ಹಿಡಿತ

ಮಲೆನಾಡಿನ ಮಣ್ಣು ಹುಳಿ, ರಸಸಾರ (pH; 7ಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) 5ರಿಂದ 6ರ ಆಸುಪಾಸು. ಇಂಥ ಕಡೆ ಅಪಟೈಟ್ ಬಾಳುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮಳೆಯಲ್ಲಿ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಳ್ಳುತ್ತವೆ. ಜಂಬಿಟ್ಟಿಗೆ ಕಲ್ಲಿನ ಕೆಂಪು ಇದೇ. ಕುದುರೆಮುಖದ ಸಾಲಿನಲ್ಲಂತೂ ಬಂಡೆಯೇ ಕಬ್ಬಿಣದ ಅದಿರು. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೆ ಭದ್ರೆಯ ಮೇಲ್ಭಾಗಕ್ಕೆ ಮಳೆಗಾಲದಲ್ಲಿ ಆ ಸಣ್ಣಪುಡಿ ಹರಿದುಬರುತ್ತಿತ್ತು.

ಕಬ್ಬಿಣದ ಆಕ್ಸೈಡಿನ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಫಾಸ್ಫೇಟ್ ಬಂದು ಅವನ್ನು ಒಕ್ಕಲೆಬ್ಬಿಸಿ ತಾನೇ ಕೂರುತ್ತದೆ. ಬರಿಯ ವಿದ್ಯುತ್ ಸೆಳೆತಕ್ಕಿಂತ ಈ ಬಂಧ ಬಹಳ ಗಟ್ಟಿ. ರಸಸಾರ ಕಡಿಮೆಯಿದ್ದಷ್ಟೂ ಮೇಲ್ಮೈ ಧನಾವೇಶ ಹೊತ್ತಿರುತ್ತದೆ, ಋಣಾವೇಶದ ಫಾಸ್ಫೇಟಿಗೆ ಸ್ವಾಗತ ಹೆಚ್ಚು. ಆದ್ದರಿಂದ ಮೇಲ್ಭಾಗದ ಹೊಳೆಗಳಲ್ಲಿ ನೀರಿನಲ್ಲಿ ಕರಗಿದ ರಂಜಕ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಹೂಳಿನಲ್ಲಿ ಅದರ ಸಾವಿರಾರು ಪಟ್ಟು ಇರಬಹುದು. ತೋಟಕ್ಕೆ ಹಾಕಿದ ಗೊಬ್ಬರದ ರಂಜಕ ಬಹುಪಾಲು ಹೊಳೆಗೆ ಬರುವುದು ಕರಗಿ ಅಲ್ಲ, ಕೆಂಪು ಮಣ್ಣಿನ ಬೆನ್ನೇರಿ. ವರ್ಷದ ಒಟ್ಟು ಸಾಗಣೆಯ ದೊಡ್ಡ ಪಾಲು ಜೂನ್‌–ಸೆಪ್ಟೆಂಬರಿನ ಕೆಲವೇ ನೆರೆ ದಿನಗಳಲ್ಲಿ ಮುಗಿದುಹೋಗುತ್ತದೆ. ತಿಂಗಳಿಗೊಮ್ಮೆ ಬಾಟಲಿ ತುಂಬಿಸಿಕೊಂಡು ಬರುವವರಿಗೆ ಅದು ಕಾಣುವುದೇ ಇಲ್ಲ.

ಕೂಡಲಿಯ ಕೆಳಗೆ

ಶಿವಮೊಗ್ಗ, ಭದ್ರಾವತಿ, ಹರಿಹರಗಳ ಹತ್ತಿರ ಇನ್ನೊಂದು ಶಕ್ತಿ ಸೇರಿಕೊಳ್ಳುತ್ತದೆ, ಊರು. ಒಬ್ಬರ ಮಲಮೂತ್ರದಲ್ಲಿ ದಿನಕ್ಕೆ 1ರಿಂದ 1.5 ಗ್ರಾಂ ರಂಜಕ ಇರುತ್ತದೆ, ಬಟ್ಟೆ ಸೋಪಿನ ಪುಡಿಯದು ಬೇರೆ. ಇದು ಕರಗಿದ ರೂಪದಲ್ಲೇ ಬರುತ್ತದೆ, ಮಳೆಗಾಲಕ್ಕೆ ಕಾಯುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಚರಂಡಿಯ ಪಾಲು ಹೆಚ್ಚಾಗುತ್ತದೆ. ಮಲೆನಾಡಿನಿಂದ ಬಂದ ಕೆಂಪು ಹೂಳು ಇದನ್ನು ಹೀರಿಕೊಳ್ಳುತ್ತದೆ, ಆದರೆ ಹೀರಿದಷ್ಟೂ ಅದರ ಹಸಿವು ಇಳಿಯುತ್ತದೆ.

ಇದನ್ನು ಅಳೆಯಲು ಒಂದು ಸರಳ ಅಂಕಿ ಇದೆ: ಸಮತೋಲನ ಸಾಂದ್ರತೆ. ಹೂಳು ಹೀರದೆಯೂ ಬಿಡದೆಯೂ ಸುಮ್ಮನಿರುವ ನೀರಿನ ರಂಜಕದ ಮಟ್ಟ ಅದು. ನೀರಿನಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಹೂಳು ಹೀರುತ್ತದೆ, ಕಡಿಮೆಯಿದ್ದರೆ ಬಿಡುತ್ತದೆ. ಊರಿನ ಮೇಲ್ಗಡೆ ಇದು ಲೀಟರಿಗೆ 5–10 ಮೈಕ್ರೋಗ್ರಾಂ ಇದ್ದು, ಚರಂಡಿ ಸೇರಿದ ಕೆಳಗೆ ನೂರು ದಾಟಿದೆ ಎಂದುಕೊಳ್ಳಿ. ನಾಳೆಯೇ ಕೊಳಚೆ ಶುದ್ಧೀಕರಣ ಘಟಕ ಸರಿಯಾಗಿ ನಡೆದು ನೀರಿನ ಮಟ್ಟ 40ಕ್ಕೆ ಇಳಿದರೂ ಹೂಳು ತನ್ನಲ್ಲಿದ್ದುದನ್ನು ಬಿಡುತ್ತಾ ಹೋಗುತ್ತದೆ. ಘಟಕ ಕಟ್ಟಿಯೂ ಪಾಚಿ ಹೋಗಲಿಲ್ಲವಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ.

ಎರೆಹೊಲಗಳ ನಾಡು: ಸುಣ್ಣದ ಹಿಡಿತ

ಬಯಲುಸೀಮೆಗೆ ಬಂದಂತೆ ಎರೆಹೊಲಗಳಿಂದ ಹರಿದುಬರುವ ಹಳ್ಳಗಳು ಸೇರಿಕೊಳ್ಳುತ್ತವೆ, ಬಳ್ಳಾರಿಯ ಕಡೆಯಿಂದ ವೇದಾವತಿ, ಅಂದರೆ ಹಗರಿ. ಎರೆ ಮಣ್ಣಿನ ರಸಸಾರ 8 ದಾಟುತ್ತದೆ, ಅಗೆದರೆ ಸುಣ್ಣದ ಗಂಟು ಸಿಗುತ್ತದೆ. ಇಲ್ಲಿ ಮಳೆಗಿಂತ ಆವಿಯಾಗುವುದೇ ಹೆಚ್ಚು. ಕ್ಯಾಲ್ಸಿಯಂ ತೊಳೆದುಹೋಗದೆ ನೆಲದಲ್ಲೇ ಕೂತಿದೆ. ಬಂಡೆಯ ಅಪಟೈಟ್ ಕರಗದೆ ಉಳಿಯುತ್ತದೆ, ಹೊಸದಾಗಿ ಬಂದ ಫಾಸ್ಫೇಟೂ ಸುಣ್ಣದ ಮೈಗೆ ಅಂಟಿ ನಿಧಾನವಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ. ಬೇಸಿಗೆಯ ಮಡುಗಳಲ್ಲಿ ಪಾಚಿ ಹಗಲು ಇಂಗಾಲಾಮ್ಲ ಹೀರಿ ರಸಸಾರ ಏರಿಸಿದಾಗ ಸುಣ್ಣ ಗಟ್ಟಿಯಾಗಿ ಕೆಳಗೆ ಬೀಳುತ್ತದೆ, ಜೊತೆಗೆ ಫಾಸ್ಫೇಟನ್ನೂ ಒಂದಿಷ್ಟು ಎಳೆದುಕೊಂಡು ತಳ ಸೇರುತ್ತದೆ.

ಆದರೆ ಅದೇ ರಸಸಾರ 9 ದಾಟಿದರೆ ಕಬ್ಬಿಣದ ಕಡೆ ತದ್ವಿರುದ್ಧ. ಹೈಡ್ರಾಕ್ಸಿಲ್ ಹೆಚ್ಚಾಗಿ, ಹಿಂದೆ ಫಾಸ್ಫೇಟ್ ತನ್ನನ್ನು ಎಬ್ಬಿಸಿದ ಜಾಗವನ್ನು ಮರಳಿ ಪಡೆಯುತ್ತದೆ. ಮಲೆನಾಡಿನ ಕೆಂಪು ಕಣ ಬಯಲುಸೀಮೆಯ ಕ್ಷಾರದ ನೀರಿಗೆ ಬಂದು ತನ್ನ ಹೊರೆ ಇಳಿಸುವುದು ಹೀಗೆ. ಇಳಿಸಿದ್ದರಲ್ಲಿ ಒಂದಿಷ್ಟನ್ನು ಸುಣ್ಣ ಹಿಡಿಯುತ್ತದೆ, ಒಂದಿಷ್ಟನ್ನು ಪಾಚಿ. ಹಿಡಿತ ಕೈ ಬದಲಾಯಿಸುವ ಜಾಗ ಎಂದರೆ ಇದು.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳ ಬಸಿನೀರು ಇನ್ನೊಂದು ಲೆಕ್ಕ. 50 ಕಿಲೋ ಡಿಎಪಿ ಗೊಬ್ಬರದ ಚೀಲದ ಮೇಲೆ ಶೇ. 46 ಎಂದು ಬರೆದಿರುವುದು ರಂಜಕದ ಪೆಂಟಾಕ್ಸೈಡ್ ಲೆಕ್ಕ, 0.436ರಿಂದ ಗುಣಿಸಿದರೆ ಚೀಲದಲ್ಲಿರುವ ರಂಜಕ 10 ಕಿಲೋ. ಭೂವಿಜ್ಞಾನದ ವರದಿಗಳೂ ಪೆಂಟಾಕ್ಸೈಡಿನಲ್ಲೇ ಕೊಡುತ್ತವೆ, ನೀರಿನ ವರದಿಗಳು ಕೆಲವು ಫಾಸ್ಫೇಟಿನಲ್ಲಿ, ಕೆಲವು ಬರಿ ರಂಜಕದಲ್ಲಿ. ಫಾಸ್ಫೇಟನ್ನು 3.07ರಿಂದ ಭಾಗಿಸದೆ ಹೋಲಿಸಿದರೆ ಹೊಳೆ ಒಂದೇ ಮೈಲಿಯಲ್ಲಿ ಮೂರು ಪಟ್ಟು ಕೆಟ್ಟಂತೆ ಕಾಣುತ್ತದೆ.

ಜಲಾಶಯದಲ್ಲಿ ಏನಾಗುತ್ತದೆ

ತುಂಗಭದ್ರಾ ಜಲಾಶಯ 1953ರಲ್ಲಿ ತುಂಬಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ 105ರ ಆಸುಪಾಸು. ಹೋದ 27 ಟಿಎಂಸಿಯಷ್ಟು ಜಾಗದಲ್ಲಿ ಕೂತಿರುವುದು ಹೂಳು, ಅಂದರೆ 76 ಕೋಟಿ ಘನ ಮೀಟರ್. ಒಂದು ಘನ ಮೀಟರ್ ಒಣಗಿದರೆ ಒಂದು ಟನ್, ಕಿಲೋಗೆ 500 ಮಿ.ಗ್ರಾಂ. ರಂಜಕ ಎಂದು ಹಿಡಿದರೂ ಸುಮಾರು 3.8 ಲಕ್ಷ ಟನ್ ರಂಜಕ ಅಲ್ಲಿ ಮಲಗಿದೆ. ಅಂದಾಜಿನ ಲೆಕ್ಕವೇ, ಆದರೆ ಗಾತ್ರದ ಅರಿವಿಗೆ ಸಾಕು.

ಮಲಗಿದ್ದು ಏಳುವುದಕ್ಕೆ ಎರಡು ದಾರಿ. ಒಂದು ಉಸಿರುಗಟ್ಟುವುದು. ಹರಿವ ನೀರಿನಲ್ಲಿ ಆಮ್ಲಜನಕ ಇರುವವರೆಗೆ ಕಬ್ಬಿಣ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿ (Fe³⁺) ಗಟ್ಟಿಯಾಗಿರುತ್ತದೆ. ಕೆಸರಿನ ಮೇಲ್ಪದರದಿಂದ ಕೆಲವೇ ಮಿ.ಮೀ. ಕೆಳಗೆ ಆಮ್ಲಜನಕ ಮುಗಿದಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸಿ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಗೆ (Fe²⁺) ಇಳಿಸುತ್ತವೆ. ಅದು ಕರಗುತ್ತದೆ, ಅಂಟಿದ್ದ ಫಾಸ್ಫೇಟೂ ಕರಗುತ್ತದೆ. ಮೇಲಿನ ಪದರದಲ್ಲಿ ಆಮ್ಲಜನಕ ಇದ್ದರೆ ಮೇಲೇರುವ ಕಬ್ಬಿಣ ಮತ್ತೆ ಗಟ್ಟಿಯಾಗಿ ಫಾಸ್ಫೇಟನ್ನು ಮರಳಿ ಹಿಡಿಯುತ್ತದೆ. ಗಾಳಿಯಿಲ್ಲದ ಬಿಸಿ ದಿನಗಳಲ್ಲಿ ಆ ಪದರವೂ ಹೋದರೆ ತಡೆ ಇಲ್ಲ. ಇಂಗ್ಲೆಂಡಿನ ಸರೋವರಗಳಲ್ಲಿ ಕ್ಲಿಫರ್ಡ್ ಮಾರ್ಟಿಮರ್ 1941–42ರಲ್ಲಿ ವಿವರಿಸಿದ್ದು ಇದನ್ನೇ. ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಇನ್ನೂ ಕೆಟ್ಟದ್ದು: ಸಲ್ಫೈಡ್ ಕಬ್ಬಿಣವನ್ನು ಹಿಡಿದು ಕಪ್ಪು ಕೆಸರಾಗಿಸುತ್ತದೆ, ರಂಜಕ ಹಿಡಿಯಲು ಕಬ್ಬಿಣ ಉಳಿಯುವುದಿಲ್ಲ. ಮಲೆನಾಡಿನಲ್ಲಿ ಹೊಳೆಯನ್ನು ಕಾಪಾಡಿದ ಕಬ್ಬಿಣವೇ ನಿಂತ ನೀರಿನಲ್ಲಿ ಕೈಕೊಡುತ್ತದೆ. ಸುಣ್ಣ ಹಿಡಿದದ್ದಕ್ಕೆ ಈ ಭಯವಿಲ್ಲ, ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಅದು ಹಾಗೇ ಇರುತ್ತದೆ.

ಎರಡನೆಯ ದಾರಿ ಒಣಗಿ ನೆನೆಯುವುದು. ಸುಮಾರು 378 ಚದರ ಕಿ.ಮೀ. ಹರಡಿದ ಜಲಾಶಯ ಬೇಸಿಗೆಯಲ್ಲಿ ಹಿಂದೆ ಸರಿದಾಗ ಅಂಚಿನ ಹೂಳು ಬಿರಿಯುತ್ತದೆ. ಸೂಕ್ಷ್ಮಜೀವಿಗಳು ಸತ್ತು ಅವುಗಳ ಮೈಯ ರಂಜಕ ಅಲ್ಲೇ ಉಳಿಯುತ್ತದೆ. ಹಿಡಿತಕ್ಕೆ ಹೆಸರಾದ ಹರಳುಗಟ್ಟದ ಕಬ್ಬಿಣ ಬಿಸಿಲಿಗೆ ಹರಳುಗಟ್ಟಿ ಮೇಲ್ಮೈ ಕಳೆದುಕೊಳ್ಳುತ್ತದೆ. ಜೂನ್ ಕೊನೆಗೆ ಮೊದಲ ನೀರು ಏರಿದಾಗ ಒಂದೇ ಸಲಕ್ಕೆ ರಂಜಕ ಹೊರಬರುತ್ತದೆ. ಒಣಹವೆಯ ಹೊಳೆಗಳಲ್ಲಿ, ವರ್ಷದ ಆರೇಳು ತಿಂಗಳು ಮರಳಷ್ಟೇ ಕಾಣುವ ಹಗರಿಯಂಥವುಗಳಲ್ಲಿ, ಇದು ಪ್ರತಿವರ್ಷದ ನಡೆ.

ಆಸ್ಟ್ರೇಲಿಯಾದ ಡಾರ್ಲಿಂಗ್ ನದಿ ಈ ಒಣನಾಡಿನ ವರ್ತನೆಗೆ ಪ್ರಸಿದ್ಧ ಉದಾಹರಣೆ. 1991ರ ನವೆಂಬರ್–ಡಿಸೆಂಬರಿನಲ್ಲಿ ಬರ ಬಂದು ಹರಿವು ನಿಂತಾಗ ಸುಮಾರು 1,000 ಕಿ.ಮೀ. ಉದ್ದಕ್ಕೂ ವಿಷಕಾರಿ ನೀಲಿಹಸಿರು ಪಾಚಿ ಹಬ್ಬಿತು. ಎಲ್ಲರೂ ಮೊದಲು ಬೆರಳು ತೋರಿಸಿದ್ದು ಗೊಬ್ಬರ ಮತ್ತು ಚರಂಡಿಯ ಕಡೆ. ಹೂಳನ್ನು ಪರೀಕ್ಷಿಸಿದಾಗ ಅದರ ರಂಜಕದ ಗಣನೀಯ ಪಾಲು ಮೇಲ್ಭಾಗದ ಬಸಾಲ್ಟ್ ಬಂಡೆಯ ಮಣ್ಣಿನಿಂದಲೇ ಬಂದದ್ದು ಎಂದು ಕಂಡಿತು. ಬಂಡೆಯ ಈ ಪಾತ್ರವನ್ನು ಮರೆಯಬಾರದು. ಬಿಜಾಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟಿನಲ್ಲಿ ದಕ್ಷಿಣದ ಗ್ರಾನೈಟಿಗಿಂತ ರಂಜಕ ಸಾಮಾನ್ಯವಾಗಿ ಹೆಚ್ಚು. ಭೀಮೆಯ ಹೂಳನ್ನೂ ತುಂಗೆಯ ಹೂಳನ್ನೂ ಪಕ್ಕದಲ್ಲಿಟ್ಟು ಹವಾಮಾನದ ಪ್ರಭಾವ ಎನ್ನುವವರು ಮೊದಲು ಭೂನಕ್ಷೆ ಬಿಡಿಸಿ ನೋಡಬೇಕು.

ಅತ್ತ ಕುದುರೆಮುಖದ ಸಾಲಿನಿಂದಲೇ ಪಡುವಣಕ್ಕೆ ಇಳಿಯುವ ನೇತ್ರಾವತಿಗೆ ಒಣನಾಡೇ ಇಲ್ಲ. ಕೆಂಪು ಹೂಳು ನೇರ ಸಮುದ್ರದ ಬಾಯಿಗೆ ಬರುತ್ತದೆ. ಅಲ್ಲಿ ಉಪ್ಪುನೀರಿನ ಹೆಚ್ಚಿನ ರಸಸಾರ ಮತ್ತು ಸಲ್ಫೇಟ್ ಸೇರಿ ಕಬ್ಬಿಣದ ಹಿಡಿತವನ್ನು ಸಡಿಲಿಸುತ್ತವೆ. ತುಂಗಭದ್ರೆಗೆ ಜಲಾಶಯ ಮಾಡುವ ಕೆಲಸವನ್ನು ಇಲ್ಲಿ ಅಳಿವೆ ಮಾಡುತ್ತದೆ.

ಅಳೆಯುವುದು, ಎಡವುವುದು

ಮೊದಲ ಎಡವಟ್ಟು ಕಣದ ಗಾತ್ರದ್ದು. ಮೇಲಿನ ಜಾಗದ ಹೂಳಿನಲ್ಲಿ ಶೇ. 90 ಮರಳು, ಶೇ. 10 ಕೆಸರು, ಮರಳಿನಲ್ಲಿ ಕಿಲೋಗೆ 100, ಕೆಸರಿನಲ್ಲಿ 900 ಮಿ.ಗ್ರಾಂ. ಎನ್ನೋಣ. ಒಟ್ಟು 180. ಕೆಳಗೆ ಅದೇ ಮರಳು, ಅದೇ ಕೆಸರು ಅರ್ಧರ್ಧ ಇದ್ದರೆ ಒಟ್ಟು 500. ಒಂದು ಗ್ರಾಂ ರಂಜಕವೂ ಹೊಸದಾಗಿ ಸೇರಿಲ್ಲ, ಅಂಕಿ ಮಾತ್ರ ಮೂರು ಪಟ್ಟಿನ ಹತ್ತಿರ. ಹೊಳೆ ಕೆಳಗಿಳಿದಂತೆ ಕಣ ಸಣ್ಣದಾಗುವುದು ಸಹಜ, ಆದ್ದರಿಂದ ಈ ಮೋಸ ಎಲ್ಲ ಕಡೆಯೂ ಇದೆ. ಹೊಳೆಯ ನೀರಿನಲ್ಲೇ 63 ಮೈಕ್ರಾನ್ ಜರಡಿಯಲ್ಲಿ ಸೋಸಿ ಆ ಸಣ್ಣ ಪಾಲನ್ನು ಮಾತ್ರ ಹೋಲಿಸಬೇಕು. ಅಥವಾ ರಂಜಕವನ್ನು, ಸಣ್ಣ ಕಣಗಳಲ್ಲೇ ಹೆಚ್ಚಿರುವ ಅಲ್ಯೂಮಿನಿಯಮ್ಮಿನ ಅನುಪಾತವಾಗಿ ಹೇಳಬೇಕು. ನಲ್ಲಿ ನೀರಿನಲ್ಲಿ ತೊಳೆದರೆ ಅಂಟಿದ್ದು ಬಿಟ್ಟುಹೋಗುತ್ತದೆ.

ಮಳೆಗಾಲ ಇಳಿದ ನವೆಂಬರ್–ಜನವರಿ ತಳದ ಹೂಳಿಗೆ ಒಳ್ಳೆಯ ಕಾಲ. ಮೇಲಿನ 2–5 ಸೆಂ.ಮೀ. ಸಾಕು. ಒಂದೇ ಜಾಗದಲ್ಲಿ ಎರಡೂ ದಡ, ನಡುವೆ, ಮಡುವಿನಂಚು ಹೀಗೆ ಐದಾರು ಕಡೆಯದನ್ನು ಬೆರೆಸಿ ಒಂದು ಮಾದರಿ ಮಾಡಬೇಕು. ಉಪನದಿ ಸೇರಿದ ತಕ್ಷಣದ ಜಾಗ ಬೇಡ, ನೀರೆರಡೂ ಬೆರೆತಿರುವುದಿಲ್ಲ. ಡಬ್ಬಿಗಳನ್ನು ಸೋಪಿನಲ್ಲಿ ತೊಳೆಯಲೇಬಾರದು, ಶೇ. 10 ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ ಶುದ್ಧ ನೀರಿನಲ್ಲಿ ಜಾಲಿಸಬೇಕು. ಜಲಾಶಯದ ಕಪ್ಪು ಕೆಸರಾದರೆ ಡಬ್ಬಿಯನ್ನು ಕಂಠದವರೆಗೆ ತುಂಬಿ, ಗಾಳಿ ಸೇರದಂತೆ ಮುಚ್ಚಿ, 4 ಡಿಗ್ರಿಯಲ್ಲಿಡಬೇಕು. ಬಿಸಿಲಲ್ಲಿ ಒಣಗಿಸಿದರೆ ಕರಗಿದ ಕಬ್ಬಿಣ ಗಟ್ಟಿಯಾಗಿ, ಹೊಳೆಯಲ್ಲಿ ಇಲ್ಲದ ಹಿಡಿತ ಪ್ರಯೋಗಾಲಯದಲ್ಲಿ ಹುಟ್ಟುತ್ತದೆ.

ಪಾಲುಗಳನ್ನು ಬಿಡಿಸಲು ದ್ರಾವಣಗಳನ್ನು ಒಂದಾದ ಮೇಲೊಂದು ಹಾಕುತ್ತಾರೆ. ಕ್ಯಾಥ್ಲೀನ್ ರುಟೆನ್‌ಬರ್ಗ್ 1992ರಲ್ಲಿ ಸಮುದ್ರದ ಹೂಳಿಗೆ ರೂಪಿಸಿದ ಸರಣಿ ಸುಣ್ಣವಿರುವ ಹೂಳಿಗೂ ಹೊಂದುತ್ತದೆ: 1 ಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ 2 ಗಂಟೆ, ಸಡಿಲವಾಗಿ ಅಂಟಿದ್ದಕ್ಕೆ; ಸಿಟ್ರೇಟ್–ಡೈಥಯೋನೈಟ್–ಬೈಕಾರ್ಬನೇಟ್ 8 ಗಂಟೆ, ಕಬ್ಬಿಣದ್ದಕ್ಕೆ; ರಸಸಾರ 4ರ ಅಸಿಟೇಟ್ 6 ಗಂಟೆ, ಸುಣ್ಣ ಹಿಡಿದದ್ದಕ್ಕೆ; 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 16 ಗಂಟೆ, ಬಂಡೆಯ ಅಪಟೈಟಿಗೆ; ಉಳಿದದ್ದನ್ನು 550 ಡಿಗ್ರಿಯಲ್ಲಿ ಸುಟ್ಟು ಮತ್ತೆ ಅದೇ ಆಮ್ಲ, ಸಾವಯವಕ್ಕೆ. ಪ್ರತಿ ಹಂತದಲ್ಲೂ ಒಂದು ಪಾಲು ಹೂಳಿಗೆ 100 ಪಾಲು ದ್ರಾವಣ. ನಡುವೆ ಮೆಗ್ನೀಸಿಯಂ ಕ್ಲೋರೈಡಿನಲ್ಲಿ ತೊಳೆಯದಿದ್ದರೆ ಒಂದು ಕಡೆಯಿಂದ ಬಿಟ್ಟದ್ದು ಇನ್ನೊಂದಕ್ಕೆ ಅಂಟಿ ಲೆಕ್ಕ ತಪ್ಪುತ್ತದೆ. ಖರ್ಚು ಕಡಿಮೆ ಎಂದು ಕೆಲವರು ಕಬ್ಬಿಣದ ಪಾಲಿಗೆ 0.1 ಮೋಲಾರ್ ಕಾಸ್ಟಿಕ್ ಸೋಡ ಬಳಸುತ್ತಾರೆ. ಮಲೆನಾಡಿನ ಹೂಳಿಗೆ ನಡೆಯುತ್ತದೆ. ಎರೆಯ ಹೂಳಿನಲ್ಲಿ ಬಿಡುಗಡೆಯಾದ ಫಾಸ್ಫೇಟ್ ಸುಣ್ಣಕ್ಕೆ ಹೋಗಿ ಅಂಟುವುದರಿಂದ ಕಬ್ಬಿಣದ ಪಾಲು ಕಡಿಮೆ ಕಾಣುತ್ತದೆ. ಒಂದೇ ನದಿಗೆ ಎರಡು ವಿಧಾನ ಬಳಸಿದರೆ ಹವಾಮಾನದ್ದೋ ವಿಧಾನದ್ದೋ ತಿಳಿಯದ ವ್ಯತ್ಯಾಸ ಸಿಗುತ್ತದೆ.

ಕೊನೆಯಲ್ಲಿ ಬಣ್ಣ: ದ್ರಾವಣಕ್ಕೆ ಬಂದ ರಂಜಕವನ್ನು ಅಳೆಯುವುದು ಅದರಿಂದ. ಮಾಲಿಬ್ಡೇಟ್, ಆಂಟಿಮನಿ ಟಾರ್ಟ್ರೇಟ್, ವಿಟಮಿನ್ ಸಿ ಸೇರಿದ ನೀಲಿಯನ್ನು 880 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಓದುತ್ತಾರೆ. ಮಿಶ್ರಣ ಆಯಾ ದಿನದ್ದೇ ಆಗಬೇಕು. ಸಿಟ್ರೇಟ್ ಬಣ್ಣ ಬರದಂತೆ ತಡೆಯುತ್ತದೆ, ಆ ಹಂತದ್ದಕ್ಕೆ ಬಣ್ಣವಿಲ್ಲದೆ ರಂಜಕವನ್ನು ನೇರವಾಗಿ ಅಳೆಯುವ ಪ್ಲಾಸ್ಮಾ ಯಂತ್ರವೇ (ICP) ಲೇಸು. ಕಾಸ್ಟಿಕ್ ಸೋಡದ ದ್ರಾವಣ ಕಾಡಿನ ಹೂಳಿನಲ್ಲಿ ಚಹಾದ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಮಾಲಿಬ್ಡೇಟ್ ಹಾಕದ ಪ್ರತ್ಯೇಕ ಖಾಲಿ ಓದು ಬೇಕು.

ಸಮತೋಲನ ಸಾಂದ್ರತೆಗೆ ಇಷ್ಟು ಸಲಕರಣೆ ಬೇಡ. ಒಣತೂಕದಲ್ಲಿ 1 ಗ್ರಾಂ ಆಗುವಷ್ಟು ಹಸಿ ಹೂಳನ್ನು ಆರು ಶೀಶೆಗಳಲ್ಲಿ ಒಂದೊಂದಕ್ಕೂ ಹಾಕಿ, ಕ್ರಮವಾಗಿ ಲೀಟರಿಗೆ 0, 20, 50, 100, 200, 500 ಮೈಕ್ರೋಗ್ರಾಂ ರಂಜಕದ 40 ಮಿ.ಲೀ. ದ್ರಾವಣ ಸೇರಿಸಿ, 24 ಗಂಟೆ ಅಲುಗಾಡಿಸಿ, 0.45 ಮೈಕ್ರಾನ್ ಜಾಲರಿಯಲ್ಲಿ ಸೋಸಿ ಉಳಿದದ್ದನ್ನು ಅಳೆಯಬೇಕು. ಹೂಳು ಹೀರಿದ್ದನ್ನು ನೀರಿನಲ್ಲಿ ಉಳಿದದ್ದರ ಎದುರು ನಕ್ಷೆ ಬರೆದರೆ ಗೆರೆ ಸೊನ್ನೆ ದಾಟುವ ಜಾಗವೇ ಉತ್ತರ. ಆ ಹೊಳೆಯ ನೀರಿನ ಕ್ಯಾಲ್ಸಿಯಂ ಮಟ್ಟಕ್ಕೆ ದ್ರಾವಣವನ್ನು ಹೊಂದಿಸದಿದ್ದರೆ ಉತ್ತರ ಬೇರೆಯೇ ಬರುತ್ತದೆ.

ಹೂಳನ್ನು ಹೊಲಕ್ಕೆ ಹೊಡೆಯುವವರಿಗೂ ಇದೇ ವಿಚಾರ ಬೇರೆ ರೂಪದಲ್ಲಿ ಎದುರಾಗುತ್ತದೆ. ಬೆಳೆಗೆ ಸಿಗುವ ರಂಜಕ ಎಷ್ಟೆಂದು ನೋಡಲು ಹುಳಿ ಮಣ್ಣಿಗೆ ಬ್ರೇ ಪರೀಕ್ಷೆ, ಎರೆಗೆ ಓಲ್ಸನ್ ಪರೀಕ್ಷೆ, ಅಂದರೆ ರಸಸಾರ 8.5ರ ಅರ್ಧ ಮೋಲಾರ್ ಸೋಡಿಯಂ ಬೈಕಾರ್ಬನೇಟ್, 30 ನಿಮಿಷ. ಬ್ರೇ ದ್ರಾವಣದ ಆಮ್ಲವನ್ನು ಎರೆಯ ಸುಣ್ಣವೇ ತಿಂದುಹಾಕುವುದರಿಂದ ಅಲ್ಲಿ ಅದರ ಅಂಕಿ ನಂಬುವಂತಿಲ್ಲ. 3 ಟನ್ನಿನ ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಕಿಲೋಗೆ 800 ಮಿ.ಗ್ರಾಂ. ಒಟ್ಟು ರಂಜಕ ಇದ್ದರೆ 2.4 ಕಿಲೋ ಆಯಿತು. ಓಲ್ಸನ್ ಪರೀಕ್ಷೆ ಕಿಲೋಗೆ 15 ಮಿ.ಗ್ರಾಂ. ತೋರಿಸಿದರೆ ಬೆಳೆಗೆ ಬೇಗ ಸಿಗುವುದು 45 ಗ್ರಾಂ. ಹೂಳು ಹೊಡೆಸುವುದು ಮರಳು ನೆಲಕ್ಕೆ ನೀರು ಹಿಡಿಯುವ ಗುಣ ಬರಲಿ ಎಂದಾದರೆ ಧಾರಾಳ ಹೊಡೆಸಬಹುದು, ಆದರೆ ಅದನ್ನು ನೆಚ್ಚಿ ಡಿಎಪಿ ಚೀಲ ಬಿಡುವವರು ಮೊದಲು ಆ ಎರಡನೆಯ ಅಂಕಿ ಕೇಳಿಕೊಳ್ಳಲಿ.